ಮರಳಿ ಹೋಗುವ ಬಾಗಿಲುಗಳು

ಚಿತ್ರವೆಂದರೆ ಗೋಡೆಗೆ ತೊಡಿಸುವ ಒಡವೆ ಎಂದೇ ಹಲವರು ನಂಬಿದ್ದ ಕಾಲದಲ್ಲಿ, ಗೋಡೆಯನ್ನೇ ಕಳೆದುಕೊಂಡವರ ಪರವಾಗಿ ಕುಂಚ ಹಿಡಿದವರು, ಈ ತಿಂಗಳು ನಮ್ಮ ಚಿತ್ರಕಲಾ ಶಾಲೆಯಿಂದ ನಿವೃತ್ತರಾಗುತ್ತಿರುವ ಹಿರಿಯ ಕಲಾವಿದೆ. ತಗಡು, ಡಾಂಬರು, ಹರಿದ ಪರದೆ, ಒಡೆದ ಕನ್ನಡಿ, ಅವರ ಕೈಗೆ ಬಿದ್ದ ಮೇಲೆ ಯಾವುದೂ ಕಸವಾಗಿ ಉಳಿಯಲಿಲ್ಲ. ವಿದ್ಯಾರ್ಥಿಗಳು ಬೆನ್ನ ಹಿಂದೆ ‘ಜಗಮೊಂಡಿ ಮೇಡಂ’ ಎನ್ನುತ್ತಿದ್ದರು. ಅದು ಕಿವಿಗೆ ಬಿದ್ದ ದಿನ ಮೇಡಂ ಆ ಹೆಸರನ್ನೇ ತಮ್ಮ ಚಿತ್ರದ ಮೂಲೆಯಲ್ಲಿ ರುಜುವಾಗಿ ಹಾಕಿಬಿಟ್ಟರು!

ಸೇವೆಗೆ ಸೇರಿದ ಹೊಸದರಲ್ಲಿ, ಬಣ್ಣ ಕೊಳ್ಳಲಾಗದ ವಿದ್ಯಾರ್ಥಿಯೊಬ್ಬ ತಲೆ ತಗ್ಗಿಸಿ ಕುಳಿತದ್ದನ್ನು ಕಂಡು, “ಇವತ್ತು ಎಲ್ಲರೂ ಡಬ್ಬಿ ಮುಚ್ರಪ್ಪಾ. ಇದ್ದಿಲು, ಇಟ್ಟಿಗೆ ಪುಡಿ, ಅಷ್ಟೇ,” ಎಂದು ಇಡೀ ತರಗತಿಯ ಕೈ ಮಸಿ ಮಾಡಿಸಿದರು. ಆ ವಿದ್ಯಾರ್ಥಿಯೇ ಈಗಿನ ನಮ್ಮ ಪ್ರಾಂಶುಪಾಲರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಪೈಕಿ.

ರಸ್ತೆ ಅಗಲಿಸಲು ನಗರಾಡಳಿತ ಕೆಡವಿದ ಓಣಿಯೊಂದರ ಮನೆಬಾಗಿಲುಗಳನ್ನು ಮೇಡಂ ಕಳೆದ ವರ್ಷ ಆಳೆತ್ತರದ ಕಬ್ಬಿಣದ ಚೌಕಟ್ಟಿಗೆ ಜೋಡಿಸಿದರು. ಅದರಲ್ಲೊಂದು ನೀಲಿ ಬಾಗಿಲಿನ ಮೇಲೆ, ಬಾಯಿ ತುಂಬ ಇಟ್ಟಿಗೆ ತುರುಕಿಕೊಂಡು ನಗುವ ನಗರಾಧ್ಯಕ್ಷರ ಮುಖ. ಯಾವ ಬಾಗಿಲಿಗೂ ಗೋಂದಿಲ್ಲ, ಮೊಳೆಯಿಲ್ಲ, ಬರೀ ಸ್ಕ್ರೂ. ಬಾಗಿಲು ಮನೆಯವರದು, ತಮ್ಮದು ಬರೀ ಎರವಲು, ಅವರು ಯಾವಾಗ ಕೇಳಿದರೂ ಬಿಚ್ಚಿ ಕೊಡಬೇಕು ಎಂಬುದು ಮೇಡಂ ಅವರ ಹಟ.

ಶಾಲೆಯ ಸಭಾಂಗಣದಲ್ಲಿ ವಾರ್ಷಿಕ ಪ್ರದರ್ಶನವಿದ್ದ ಬೆಳಿಗ್ಗೆ ನಗರಾಡಳಿತದಿಂದ ಫೋನು ಬಂತು. ಸಂಜೆಯೊಳಗೆ ಆ ಮುಖ ಅಲ್ಲಿರಬಾರದು, ಇದ್ದರೆ ಸಭಾಂಗಣಕ್ಕೆ ಬೀಗ. ಬೀಗ ಬಿದ್ದರೆ ವಿದ್ಯಾರ್ಥಿಗಳು ವರ್ಷವಿಡೀ ದುಡಿದು ಮಾಡಿದ್ದೆಲ್ಲ ಒಳಗೇ. ಪ್ರಾಂಶುಪಾಲರು ಮೇಡಂ ಬಳಿಗೆ ಓಡಿದರು.

“ಮೇಡಂ, ಅದೊಂದು ತೆಗೆದುಬಿಡಿ. ಮಕ್ಕಳ ಮುಖ ನೋಡಿಯಾದ್ರೂ.”

“ಅವರು ಹೆದರಿಸಿದ್ರು ಅಂತ ತೆಗೆಯಲ್ಲ ಕಣೋ. ಬಾಗಿಲಿನವರು ಕೇಳಿದ್ರೆ ಈ ಕ್ಷಣ ತೆಗೀತೀನಿ.”

ಮಧ್ಯಾಹ್ನ, ನೋಡಲು ಬಂದವರ ನಡುವಿನಿಂದ ಒಬ್ಬ ಅಜ್ಜಿ ಸರಿದು ಬಂದು ನೀಲಿ ಬಾಗಿಲಿನ ಚಿಲಕ ಸವರಿದರು. “ಇದು ನಮ್ಮನೇದಮ್ಮಾ. ಈಗಿರೋ ಕೋಣೆಗೆ ಬಾಗಿಲೇ ಇಲ್ಲ, ಗೋಣಿ ಕಟ್ಕೊಂಡಿದ್ದೀವಿ. ಕೊಡ್ತೀರಾ?”

ಮೇಡಂ ಸ್ಕ್ರೂ ಬಿಚ್ಚತೊಡಗಿದರು. ತಿಂಗಳುಗಟ್ಟಲೆ ಬೆವರಿಳಿಸಿ ಕಟ್ಟಿದ ಕೃತಿಯನ್ನು ತುಂಬಿದ ಸಭೆಯಲ್ಲಿ ತಾವೇ ಬಿಚ್ಚಿ, ಬಾಗಿಲನ್ನು ಕೆಳಗಿಳಿಸಿದರು. “ಮುಖ ಅಳಿಸಿ ಕೊಡ್ಲಾ ಅಜ್ಜೀ?”

“ಅಯ್ಯೋ, ಇರಲಿ ಬಿಡಿ! ದಿನಾ ರಾತ್ರಿ ಅವನನ್ನ ಹೊರಗೆ ನಿಲ್ಲಿಸಿ ಅಗಳಿ ಹಾಕ್ತೀನಿ.”

ಸಭಾಂಗಣ ಗೊಳ್ಳೆಂದು ನಕ್ಕಿತು. ಪ್ರಾಂಶುಪಾಲರು ನಗಲಿಲ್ಲ. ಕೋಟು ಕಳಚಿಟ್ಟು ಬಾಗಿಲಿನ ಒಂದು ತುದಿಗೆ ಹೆಗಲು ಕೊಟ್ಟರು. ನಗರಾಧ್ಯಕ್ಷರ ಮುಖ ಮೇಲಾಗಿ, ಸಂತೆಬೀದಿಯ ನಟ್ಟನಡುವೆ, ಹತ್ತು ಜನ ನೋಡುವಂತೆ ಅಜ್ಜಿಯ ಕೋಣೆಯವರೆಗೂ ಹೊತ್ತರು. ಇಂಥ ಗುರುವಿನ ಕೈಕೆಳಗೆ ಕಲಿತೂ ತಾನು ಇಷ್ಟು ದಿನ ಹೆದರಿದ್ದು ಯಾರಿಗೆ ಎಂದು ದಾರಿಯುದ್ದಕ್ಕೂ ಅವರಿಗೆ ಬೆರಗು. ಸಂಜೆ ಬೀಗ ಹಿಡಿದು ಬಂದ ಅಧಿಕಾರಿಗಳಿಗೆ ಕಂಡದ್ದು ಚೌಕಟ್ಟಿನಲ್ಲೊಂದು ಬಾಗಿಲಿನಷ್ಟು ತೆರಪು, ಅದರೆದುರು ಕಿಕ್ಕಿರಿದು ನಿಂತ ಜನ. ತೆರಪಿಗೆ ಬೀಗ ಹಾಕುವುದೆಲ್ಲಿಗೆ? ಬಂದ ದಾರಿಗೆ ಸುಂಕವಿಲ್ಲವೆಂದು ಹಿಂತಿರುಗಿದರು.

ಆಮೇಲೆ ಒಬ್ಬೊಬ್ಬರೇ ಬಂದು ತಮ್ಮ ತಮ್ಮ ಬಾಗಿಲು ಒಯ್ಯುತ್ತಿದ್ದಾರೆ. ಪ್ರತಿ ಸಲವೂ ಸ್ಕ್ರೂ ಬಿಚ್ಚುವವರು ಮೇಡಂ, ಇನ್ನೊಂದು ತುದಿ ಹಿಡಿಯುವವರು ಪ್ರಾಂಶುಪಾಲರು. ಇನ್ನೂ ಕೆಲವು ಬಾಗಿಲುಗಳು ಮನೆಯಿಲ್ಲದೆ ಅಲ್ಲೇ ಕಾದಿವೆ. ನಿವೃತ್ತಿಯ ನೆಪದಲ್ಲಿ ಮೇಡಂ ಅವರ ಕೈಗೆ ಬಿಡುವು ಸಿಗದಿರಲಿ; ಕೊನೆಯ ಬಾಗಿಲೂ ತನ್ನ ಮನೆ ಸೇರಿ, ಆ ಚೌಕಟ್ಟು ಪೂರ್ತಿ ಬರಿದಾಗುವುದನ್ನು ಕಣ್ಣಾರೆ ಕಾಣುವಷ್ಟು ಆಯುಸ್ಸು ಅವರಿಗಿರಲಿ.