ಆಲಿವ್ ಪೀಪಾಯಿಯ ಪಕ್ಕ ಮಲಗಿದ್ದ ಬಾಟಲಿ

ಬಹರೈನಿನ ಹೂರಾದಲ್ಲಿ ಬೆಳಗಿನ ಬಾಂಗು ಮುಗಿದು ಸ್ವಲ್ಪ ಹೊತ್ತಾಗಿದೆ. ಸಮುದ್ರದ ಬದಿಯ ಹೋಟೆಲೊಂದರ ನೆಲಮಾಳಿಗೆಯಲ್ಲಿ ಯುಸ್ಟೇಸ್ ಡಿಮೆಲ್ಲೊ ಒಂದು ಬಾಟಲಿಯನ್ನು, ಅಂಚಿನವರೆಗೆ ತುಂಬಿದ ಸಾರಿನ ಪಾತ್ರೆಯನ್ನು ಒಯ್ಯುವವರ ಹಾಗೆ, ಅಲುಗಾಡಿಸದೆ ತಂದು ಮೇಜಿನ ಮೇಲಿಡುತ್ತಾರೆ. ಅವರಿನ್ನೂ ಚಹಾ ಕುಡಿದಿಲ್ಲ. ಹಲ್ಲನ್ನು ಉಪ್ಪಿನಲ್ಲಿ ಉಜ್ಜಿ ಬಂದಿದ್ದಾರೆ. ಪೇಸ್ಟಿನ ಪುದೀನ ನಾಲಿಗೆಯಲ್ಲಿ ಕೂತರೆ ಮಧ್ಯಾಹ್ನದವರೆಗೂ ಏಳುವುದಿಲ್ಲವಂತೆ.

"ಮಾತಾಡ್ಬೇಡಿ ಮೇಡಂ. ಬಿರಡೆ ಹಳೇದು, ಒಳಗೇ ತುಂಡಾದ್ರೆ ನನ್ನ ಕಥೆ ಮುಗೀತು."

ಅವರ ಕೆಲಸದ ಬಗ್ಗೆ ಬರೆಯಲು ಬಂದಿದ್ದ ನಾನು ಮಾತಾಡಿರಲಿಲ್ಲ. ಉಸಿರನ್ನು ಸ್ವಲ್ಪ ಜೋರಾಗಿ ಬಿಟ್ಟಿರಬೇಕು.

ಬಿರಡೆ ಇಡಿಯಾಗಿ ಬರುತ್ತದೆ. ಯುಸ್ಟೇಸ್ ಗ್ಲಾಸಿಗೆ ಎರಡು ಗುಟುಕಿನಷ್ಟು ಮಾತ್ರ ಬಗ್ಗಿಸಿ ದೀಪದೆದುರು ಓರೆಯಾಗಿ ಹಿಡಿಯುತ್ತಾರೆ. ನಡುವೆ ಕಡುಗೆಂಪು, ಅಂಚಿನಲ್ಲಿ ನಮ್ಮ ಮಂಗಳೂರು ಹಂಚಿನ ಬಣ್ಣ. ವಯಸ್ಸಾದ ವೈನಿಗೆ ಅದು ಸರಿಯಾದ ಬಣ್ಣವೇ, ಅವರ ಮುಖ ಅರಳುತ್ತದೆ. ಆಮೇಲೆ ಮೂಗನ್ನು ಗ್ಲಾಸಿನೊಳಗೆ ಇಳಿಸುತ್ತಾರೆ. ಅರಳಿದ ಮುಖ ಹಾಗೇ ನಿಂತುಬಿಡುತ್ತದೆ. ಮತ್ತೊಮ್ಮೆ ಮೂಸುತ್ತಾರೆ. ಒಂದು ಗುಟುಕನ್ನು ಬಾಯೊಳಗೆ ತಿರುಗಿಸಿ ಬೇಸಿನ್ನಿಗೆ ಉಗಿಯುತ್ತಾರೆ.

"ಹೋಯ್ತು ಮೇಡಂ. ಆಲಿವ್ ವಾಸನೆ. ಹೊಗೆ ಹಾಕಿದ ಮಾಂಸದ ವಾಸನೆ. ನಾನೇ ಕೈಯಾರೆ ಹಾಳು ಮಾಡಿದೆ."

ಈ ಬಾಟಲಿ ಹೋಟೆಲಿನದ್ದಲ್ಲ. ಮದಾಮ್ ಒಡೆತ್ ಎಂಬ ಫ್ರೆಂಚ್ ಮಹಿಳೆಯದು. ಅವರ ಗಂಡ ಮುಹರ್ರಕ್ ವಿಮಾನ ನಿಲ್ದಾಣದಲ್ಲಿ ಎಂಜಿನಿಯರ್ ಆಗಿದ್ದವರು, ಈಗಿಲ್ಲ. ಆ ಗಂಡ ಹುಟ್ಟಿದ್ದು ಫ್ರಾನ್ಸಿನ ರೋನ್ ನದಿಯ ದಂಡೆಯ ಊರಿನಲ್ಲಿ. ಅಲ್ಲಿನ ಸಿರಾ ಎಂಬ ಕಪ್ಪು ದ್ರಾಕ್ಷಿಯ ವೈನನ್ನು ಊರಿನಿಂದ ತರಿಸಿ, ಮನೆಯಲ್ಲಿ ತಂಪು ಜಾಗವಿಲ್ಲವೆಂದು ಈ ಹೋಟೆಲಿನಲ್ಲಿ ಇರಿಸಿದ್ದರು. ವರ್ಷಕ್ಕೊಂದರಂತೆ ತೆಗೆದು ಕುಡಿದು ಈಗ ಉಳಿದಿರುವುದು ಇದೊಂದೇ. ಮದಾಮ್ ನಾಳೆ ಬಹರೈನ್ ಬಿಟ್ಟು ಹೋಗುತ್ತಿದ್ದಾರೆ. ಇವತ್ತು ಮಧ್ಯಾಹ್ನ ಗೆಳತಿಯರ ಜೊತೆ ಇಲ್ಲಿಯೇ ಬೀಳ್ಕೊಡುಗೆಯ ಊಟ. ಊಟದ ಜೊತೆಗೆ ಈ ಬಾಟಲಿ.

ಕಳೆದ ಆಗಸ್ಟಿನಲ್ಲಿ ನೆಲಮಾಳಿಗೆಯ ಎ.ಸಿ. ಯಂತ್ರ ಕೆಟ್ಟು ನಿಂತಿತ್ತು. ಬಹರೈನಿನ ಆಗಸ್ಟು ಎಂದರೆ ನಲ್ಲಿಯ ನೀರೂ ಕೈ ಸುಡುವ ತಿಂಗಳು. ಹೋಟೆಲಿನ ಉಳಿದ ಬಾಟಲಿಗಳನ್ನು ಬ್ಯಾಂಕ್ವೆಟ್ ಹಾಲಿಗೆ ಸಾಗಿಸಿದರು. ಆದರೆ ಜನ ಓಡಾಡುವ ಹಾಲಿನಲ್ಲಿ ಮದಾಮರ ಬಾಟಲಿಯನ್ನು ಬಿಡಲು ಯುಸ್ಟೇಸರಿಗೆ ಧೈರ್ಯ ಬರಲಿಲ್ಲ. ಅಡುಗೆಮನೆಯ ತಣ್ಣನೆಯ ಕೋಣೆಯಲ್ಲಿ, ಆಲಿವ್ ಕಾಯಿಯ ಪೀಪಾಯಿ ಮತ್ತು ಹೊಗೆ ಹಾಕಿದ ಮಾಂಸದ ಕಪಾಟಿನ ನಡುವೆ, ಒದ್ದೆ ಟವೆಲು ಸುತ್ತಿ ಮಲಗಿಸಿದರು. ಹೊಸ ಯಂತ್ರ ಬರುವವರೆಗೆ ಅದು ಅಲ್ಲಿಯೇ ಇತ್ತು. ಈಗ ಗ್ಲಾಸಿನಿಂದ ಏಳುತ್ತಿರುವುದು ಅವೇ ಎರಡು ವಾಸನೆ. ಹಳೆಯ ಬಿರಡೆ ಒಣಗಿ, ವಾಸನೆ ಒಳಗೆ ಇಳಿದಿರಬೇಕು ಎಂದು ಅವರ ಲೆಕ್ಕ.

ಯುಸ್ಟೇಸ್ ಉಡುಪಿ ಬಳಿಯ ಶಿರ್ವದ ಕಡೆಯವರು. ಎಂಬತ್ತರ ದಶಕದ ಆರಂಭದಲ್ಲಿ ಪಾತ್ರೆ ತೊಳೆಯುವ ಕೆಲಸಕ್ಕೆ ಬಂದವರು. ಹೂರಾದ ಒಂದೇ ಕೋಣೆಯಲ್ಲಿ ಆರು ಮಂದಿ, ಸರದಿಯಲ್ಲಿ ನಿದ್ದೆ. ವೈನ್ ಎಂದರೆ ಅವರಿಗೆ ಆಗ ಗೊತ್ತಿದ್ದದ್ದು ಕ್ರಿಸ್ಮಸ್ಸಿಗೆ ಅಮ್ಮ ಭರಣಿಯಲ್ಲಿ ಹಾಕಿಡುತ್ತಿದ್ದ ಸಿಹಿ ದ್ರಾಕ್ಷಾರಸ.

"ಇಲ್ಲಿ ಮೊದಲ ಸಲ ಬಾಯಿಗೆ ಹಾಕಿದಾಗ ಎಂತ ಮಾರಾಯ್ರೆ ಇದು, ಬಾಳೆಕಾಯಿ ಕಚ್ಚಿದ ಹಾಗೆ ಒಗರು ಅಂತ ಉಗಿದಿದ್ದೆ. ಮತ್ತೆ ಆ ಒಗರೇ ರುಚಿ ಅಂತ ಗೊತ್ತಾಗ್ಲಿಕ್ಕೆ ವರ್ಷ ಹಿಡೀತು."

ಗುರುತಿನ ಕಾರ್ಡಿನಲ್ಲಿ ಅವರ ಹುದ್ದೆ ಇಂದಿಗೂ 'ಸ್ಟೋರ್ ಹೆಲ್ಪರ್'. ಬಿಸಿಲಿನಲ್ಲಿ ಬಂದಿಳಿದ ಪೆಟ್ಟಿಗೆಗಳಲ್ಲಿ ಯಾವುದು ಕೆಟ್ಟಿದೆ, ಅತಿಥಿಗಳು ಹಿಂದಕ್ಕೆ ಕಳಿಸಿದ್ದರಲ್ಲಿ ಯಾವುದು ನಿಜವಾಗಿ ಹುಳಿಯಾಗಿದೆ ಎಂದು ನೋಡಿ ಹೇಳುವುದು ಮಾತ್ರ ಅವರೇ. ರುಚಿ ನೋಡುವುದು ಬೆಳಗ್ಗೆ, ಖಾಲಿ ಹೊಟ್ಟೆಯಲ್ಲಿ. ನುಂಗುವ ಪದ್ಧತಿ ಇಲ್ಲ. ಹಿಂದಿನ ರಾತ್ರಿ ಮನೆಯಲ್ಲಿ ಒಣಮೀನು ಹುರಿಯುವಂತಿಲ್ಲ.

ಹೆಂಡತಿ ಫೆಲ್ಸಿ ಮನಾಮಾದ ಶಿಶುವಿಹಾರವೊಂದರಲ್ಲಿ ಆಯಾ. ಹಿಂದಿನ ದಿನ ಅವರ ಮನೆಗೆ ಹೋದಾಗ ನಗುತ್ತಾ ದೂರಿದ್ದರು. "ಇವರ ಮೂಗಿಗೆ ಹೆದರಿ ನಾವು ವಾರದಲ್ಲಿ ಮೂರು ದಿನ ಪಥ್ಯ ಮಾಡ್ಬೇಕು. ಬಾಣಂತಿಗೂ ಇಷ್ಟು ಕಟ್ಟುನಿಟ್ಟು ಇರುದಿಲ್ಲ ಮೇಡಂ."

ಈಗ ಆ ಮೂಗೇ ಅವರನ್ನು ಕಾಡುತ್ತಿದೆ. ಇಷ್ಟು ಹಳೆಯ ಸಿರಾವನ್ನು ಯುಸ್ಟೇಸ್ ಈವರೆಗೆ ಮೂಸಿದವರಲ್ಲ. ಹಿಂದಿನ ಬಾಟಲಿಗಳನ್ನೆಲ್ಲ ಎಂಜಿನಿಯರ್ ಸಾಹೇಬರೇ ಮೇಜಿನಲ್ಲಿ ತೆರೆಯುತ್ತಿದ್ದರು. ಎಳೆಯ ಸಿರಾ ಮಾತ್ರ ಇವರಿಗೆ ಗೊತ್ತು. ಅದರಲ್ಲಿ ನೇರಳೆ ಹಣ್ಣು ಮತ್ತು ಕಾಳುಮೆಣಸು ಇರುತ್ತದೆ, ಆಲಿವ್ ಇರುವುದಿಲ್ಲ.

ತಣ್ಣನೆಯ ಕೋಣೆಯ ಹೊಣೆ ಹೊತ್ತಿರುವ ಸಿರಾಜ್ ಉಳ್ಳಾಲದ ಬ್ಯಾರಿ ಮುಸ್ಲಿಂ, ಮದ್ಯ ಮುಟ್ಟುವವರಲ್ಲ. ಆಗಸ್ಟಿನಲ್ಲಿ ಜಾಗ ಕೊಟ್ಟವರೂ ಅವರೇ. ಆದರೆ, "ನಾನು ಮುಟ್ಟುದಿಲ್ಲ, ನೀವೇ ಇಟ್ಟು ನೀವೇ ತೆಗೀಬೇಕು," ಎಂಬ ಕರಾರಿನ ಮೇಲೆ. ವಿಷಯ ಕೇಳಿ ಅವರು ಪೀಪಾಯಿಯ ಮುಚ್ಚಳವನ್ನೇ ಎತ್ತಿ ತೋರಿಸುತ್ತಾರೆ.

"ನೋಡಿ ಯುಸ್ಟೇಸಣ್ಣ, ನನ್ನ ಆಲಿವ್ ಪಾಪದ್ದು. ಮುಚ್ಚಳ ತೆಗೆದ್ರೂ ಪಕ್ಕದವನಿಗೆ ವಾಸನೆ ಬರುದಿಲ್ಲ. ಅದು ಹೋಗಿ ಬಾಟ್ಲಿಯೊಳಗೆ ನುಗ್ತದಾ?"

"ನುಗ್ಗಿದೆಯಲ್ಲ!"

"ಹಾಗಾದ್ರೆ ಹೇಳ್ಬೇಡಿ. ಆ ಹೆಂಗಸಿಗೆ ಕಡೇ ದಿನ. ಸುಮ್ಮನೆ ಬಡಿಸಿ."

"ಅದಾಗುದಿಲ್ಲ ಸಿರಾಜ್. ಅವರ ಗಂಡ ನನ್ನ ಕೈಯಲ್ಲಿ ಕೊಟ್ಟದ್ದು. ಹೆಲ್ಪರ್ ಅಂತ ನೋಡ್ಲಿಲ್ಲ ಅವರು."

ಮಧ್ಯಾಹ್ನದವರೆಗೆ ಯುಸ್ಟೇಸ್ ಚಹಾ ಕುಡಿಯುವುದಿಲ್ಲ. ಸ್ಟೋರಿನ ಲೆಕ್ಕ ನೋಡುತ್ತಾರೆ, ಬಂದ ಪೆಟ್ಟಿಗೆ ಇಳಿಸಿಕೊಳ್ಳುತ್ತಾರೆ, ನಡುನಡುವೆ ಹೋಗಿ ಬಾಟಲಿಯನ್ನು ಮೂಸಿ ಬರುತ್ತಾರೆ. ಪ್ರತಿಸಲವೂ ಅದೇ ಆಲಿವ್. ನನಗೂ ಮೂಸಲು ಕೊಟ್ಟರು. ಕೆಟ್ಟ ವಾಸನೆ ಎಂದು ನನಗೆ ಅನಿಸಲಿಲ್ಲ. ಆದರೆ ಗೊತ್ತಿಲ್ಲದ ವಿಷಯದಲ್ಲಿ ಸಮಾಧಾನ ಹೇಳುವುದು ಸುಲಭ, ಅದಕ್ಕೆ ಗ್ಲಾಸನ್ನು ಹಿಂದಕ್ಕೆ ಕೊಟ್ಟೆ.

ಮದಾಮ್ ಒಡೆತ್ ಬೆಳ್ಳಗಿನ ಕೂದಲಿನ, ಗಟ್ಟಿ ದನಿಯ ಹೆಂಗಸು. ಮೇಜಿನ ಸುತ್ತ ನಾಲ್ವರು ಗೆಳತಿಯರು. ಯುಸ್ಟೇಸ್ ಗಾಜಿನ ಹೂಜಿಗೆ ಸೋಸಿ ತಂದ ವೈನನ್ನು ಕೈಯಲ್ಲೇ ಹಿಡಿದು ನಿಂತಿದ್ದಾರೆ, ಬಗ್ಗಿಸುತ್ತಿಲ್ಲ. ತಮಗೆ ಬರುವಷ್ಟು ಇಂಗ್ಲಿಷಿನಲ್ಲಿ ಎ.ಸಿ.ಯ ವಿಷಯ, ಪೀಪಾಯಿಯ ವಿಷಯ, ಮಾಂಸದ ಕಪಾಟಿನ ವಿಷಯ ಎಲ್ಲವನ್ನೂ ಹೇಳಿ ಮುಗಿಸುತ್ತಾರೆ. "ವಾಸನೆ ಒಳಗೆ ಹೋಗಿದೆ ಮದಾಮ್. ತಪ್ಪು ನನ್ನದು."

ಮದಾಮ್ ಗ್ಲಾಸನ್ನು ಮುಂದೆ ಒಡ್ಡುತ್ತಾರೆ. ಸ್ವಲ್ಪ ಬಗ್ಗಿಸಿಕೊಂಡು ಮೂಸಿ, ಕುಡಿದು, ಕಣ್ಣು ಮುಚ್ಚಿ ಕೂರುತ್ತಾರೆ. ಯುಸ್ಟೇಸರ ಹೆಬ್ಬೆರಳು ಹೂಜಿಯ ಕುತ್ತಿಗೆಯ ಮೇಲೆ ಬೆಳ್ಳಗಾಗಿರುವುದು ನನಗೆ ಕಾಣುತ್ತಿದೆ.

ಆಮೇಲೆ ಮದಾಮ್ ನಗುತ್ತಾರೆ. ಸಣ್ಣ ನಗುವಲ್ಲ. ಪಕ್ಕದ ಮೇಜಿನವರು ಚಮಚ ಕೆಳಗಿಟ್ಟು ತಿರುಗಿ ನೋಡುವಂಥ ನಗು.

"ಯುಸ್ಟೇಸ್, ಇದು ನಿಮ್ಮ ಅಡುಗೆಮನೆಯ ವಾಸನೆಯಲ್ಲ. ನನ್ನ ಗಂಡನ ಊರಿನ ವಾಸನೆ! ಸಿರಾಗೆ ವಯಸ್ಸಾದರೆ ಹಣ್ಣು ಹೋಗಿ ಆಲಿವ್ ಬರುತ್ತದೆ, ಹೊಗೆ ಬರುತ್ತದೆ, ಮಾಂಸ ಬರುತ್ತದೆ. ಇದು ಬರಲೆಂದೇ ಅವರು ಇಷ್ಟು ವರ್ಷ ಕಾದದ್ದು. ಕಳೆದ ಸಲದ ಬಾಟಲಿಯಲ್ಲೂ ಇಷ್ಟು ಚೆನ್ನಾಗಿ ಬಂದಿರಲಿಲ್ಲ."

ಯುಸ್ಟೇಸರಿಗೆ ತಕ್ಷಣ ನಂಬಿಕೆ ಬರುವುದಿಲ್ಲ. "ಖಂಡಿತವಾ ಮದಾಮ್?" ಎಂದು ಎರಡು ಸಲ ಕೇಳುತ್ತಾರೆ. ಮೂರನೆಯ ಸಲ ಕೇಳುವ ಮೊದಲು ಮದಾಮ್ ಕುರ್ಚಿಯೊಂದನ್ನು ಕಾಲಿನಿಂದಲೇ ಹಿಂದಕ್ಕೆ ತಳ್ಳಿ ಕೂರಲು ಹೇಳುತ್ತಾರೆ. ಸಮವಸ್ತ್ರದಲ್ಲಿ ಅತಿಥಿಯ ಕುರ್ಚಿಯಲ್ಲಿ ಕೂರುವುದು ನಿಯಮವಲ್ಲ. ಮ್ಯಾನೇಜರ್ ದೂರದಿಂದ ನೋಡಿ, ಕಿಟಕಿಯ ಪರದೆ ಸರಿಪಡಿಸಲು ಹೊರಟುಹೋಗುತ್ತಾರೆ.

ಮದಾಮ್ ಬಗ್ಗಿಸಿಕೊಟ್ಟದ್ದನ್ನು ಈ ಸಲ ಯುಸ್ಟೇಸ್ ಉಗಿಯುವುದಿಲ್ಲ. ನಿಧಾನವಾಗಿ ನುಂಗುತ್ತಾರೆ. ಏನನಿಸಿತು ಎಂದು ನಾನು ಕೇಳುತ್ತೇನೆ.

"ಮೊದ್ಲು ಕಾಳುಮೆಣಸು ಬರ್ತದೆ, ಸಣ್ಣಕ್ಕೆ. ಮತ್ತೆ ಒಲೆ ಮೇಲೆ ಕಟ್ಟಿ ಒಣಗಿಸಿದ ಮಾಂಸ. ಮತ್ತೆ ಉಪ್ಪಿನಲ್ಲಿ ಹಾಕಿದ ಮಾವಿನಕಾಯಿ ಉಂಟಲ್ಲ, ಆ ಭರಣಿಯ ಮುಚ್ಚಳ ತೆಗೆದ ಹಾಗೆ. ಸಿಹಿ ಒಂದು ಚೂರೂ ಇಲ್ಲ. ಒಗರು ಉಂಟು, ಆದ್ರೆ ಮೆತ್ತಗಾಗಿದೆ, ಜಗಳ ಬಿಟ್ಟ ಮುದುಕನ ಹಾಗೆ. ಬೆಳಗ್ಗೆಯೂ ಇದೇ ಇತ್ತು ಮೇಡಂ. ಹೆದರಿಕೆಯಲ್ಲಿ ರುಚಿ ನೋಡ್ಬಾರ್ದು."

ಅಡುಗೆಮನೆಯ ಬಾಗಿಲಲ್ಲಿ ಸಿರಾಜ್ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಾರೆ. "ನನ್ನ ಆಲಿವ್ ಮೇಲೆ ಸುಳ್ಳು ಕೇಸು ಹಾಕಿದ್ರಲ್ಲ ಯುಸ್ಟೇಸಣ್ಣ, ಮಾಫಿ ಯಾವಾಗ ಕೇಳ್ತೀರಿ?"

"ಕೇಳ್ತೇನೆ ಮಾರಾಯ, ಮೊದ್ಲು ಒಂದು ಚಹಾ ಕೊಡು. ತಲೆ ಒಡೀತಾ ಉಂಟು."

ಆ ಚಹಾದ ಲೋಟ ಹಿಡಿದು ಯುಸ್ಟೇಸ್ ಹಿಂಬಾಗಿಲಿನ ಮೆಟ್ಟಿಲ ಮೇಲೆ ಕೂರುತ್ತಾರೆ. ನವೆಂಬರಿನ ಗಾಳಿ ಹಿತವಾಗಿದೆ. ಒಳಗಿನಿಂದ ಮದಾಮರ ಮೇಜಿನ ಗಲಾಟೆ ಇಲ್ಲಿಯವರೆಗೆ ಕೇಳುತ್ತದೆ. ನಾಳೆ ಅವರು ಹೋದ ಮೇಲೆ ಇಂಥ ವೈನ್ ನಿಮ್ಮ ನೆಲಮಾಳಿಗೆಯಲ್ಲಿ ಇನ್ನಿಲ್ಲ, ಬೇಸರವಿಲ್ಲವೇ ಎಂದು ಕೇಳಿದೆ.

ಅವರು ಲೋಟದೊಳಗೆ ಊದಿ ಒಂದು ಗುಟುಕು ಹೀರಿದರು.

"ಅವರ ಊರಲ್ಲಿ ಹಳೇ ಸಿರಾ ಬೇಕಾದಷ್ಟು ಸಿಗ್ತದಂತೆ. ಸಿಗ್ಲಿ. ಆದ್ರೆ ಬಹರೈನಿನ ಇಷ್ಟು ಬೇಸಿಗೆ ದಾಟಿ ಬದುಕಿದ್ದು ಅಲ್ಲಿ ಸಿಗ್ಲಿಕ್ಕಿಲ್ಲ ಮೇಡಂ. ಅದು ನಮ್ಮಲ್ಲಿ ಮಾತ್ರ ಇದ್ದದ್ದು."