ಮೊದಲು ಹಕ್ಕಿ

ಗಲ್ಫಿನ ಅಲ್ ಖೋರ್‌ನಲ್ಲಿ ನನ್ನ ಟೈಪಿಂಗ್ ಸೆಂಟರಿನ ಪಕ್ಕದ ಬೇಟೆ ಸಾಮಾನಿನ ಅಂಗಡಿ ನಡೆಸುತ್ತಿದ್ದವರು ಬಂಟ್ವಾಳ ಕಡೆಯ ಬ್ಯಾರಿಯವರೊಬ್ಬರು. ಟೆಂಟು, ಟಾರ್ಚು, ಏರ್‌ಗನ್ ಗುಂಡು ಯಾರು ಕೇಳಿದರೂ ತೆಗೆದುಕೊಡುವರು. ಬೇಟೆ ಗಿಡುಗದ ಕಣ್ಣು ಮುಚ್ಚುವ ಚರ್ಮದ ಟೊಪ್ಪಿ ಮಾತ್ರ ಹಾಗಲ್ಲ. ಎಂಥ ದೊಡ್ಡ ಮನುಷ್ಯ ಬಂದರೂ ಅರಬಿಯಲ್ಲಿ ಒಂದೇ ಮಾತು: "ಮೊದಲು ಹಕ್ಕಿ ತನ್ನಿ." ತಂದ ಮೇಲೆ ಟೊಪ್ಪಿಯೊಳಗೆ ಒಮ್ಮೆ ಉಫ್ ಎಂದು ಊದಿ, ಹಕ್ಕಿಗೆ ತೊಡಿಸಿ, ಅಂಚಿನ ಸುತ್ತ ಕಿರುಬೆರಳು ಆಡಿಸಿ ನೋಡುವರು.

ನಮಾಜಿಗೆ ಹೊರಟಾಗಲೆಲ್ಲ, "ಸ್ವಲ್ಪ ಅಂಗಡಿ ನೋಡಿಕೊಳ್ಳಿ ಮಾರಾಯ್ರೇ" ಎನ್ನುತ್ತಿದ್ದರು. ಹಾಗೆ ನಾನು ಕೂತಿದ್ದಾಗ ಒಬ್ಬ ಯುವಕ ಗಾಡಿಯಿಂದ ಇಳಿಯದೆ ಹಾರ್ನ್ ಹೊಡೆದ. ಟೊಪ್ಪಿ ಬೇಕಂತೆ. ಹಕ್ಕಿ ಮನೆಯಲ್ಲಿದೆಯಂತೆ. "ಯಲ್ಲಾ, ಯಲ್ಲಾ" ಎಂದು ಅವಸರಪಡಿಸಿದ. ಕಣ್ಣಂದಾಜಿನಲ್ಲಿ ಒಂದನ್ನು ಆರಿಸಿ ಕಿಟಕಿಯೊಳಗೆ ಕೊಟ್ಟೆ. ಅದನ್ನು ಬ್ಯಾರಿಯವರಿಗೆ ಹೆಮ್ಮೆಯಿಂದಲೇ ಹೇಳಿದೆ.

ನಾಲ್ಕನೆಯ ದಿನ ಆ ಯುವಕನ ಅಪ್ಪ ಬಂದ. ಮುಂಗೈ ಮೇಲೆ ಗಿಡುಗ. ಟೊಪ್ಪಿಯ ಅಂಚು ಉಜ್ಜಿ ಅದರ ಒಂದು ಕಣ್ಣು ಬಾತು ಮುಚ್ಚಿಹೋಗಿತ್ತು.

"ಇದನ್ನು ಕೊಟ್ಟದ್ದು ಯಾರು?"

ನಾನು ಅಲ್ಲೇ ಚಹಾ ಕುಡಿಯುತ್ತಿದ್ದೆ. ಲೋಟದಿಂದ ತಲೆ ಎತ್ತಲಿಲ್ಲ.

"ನಾನೇ" ಎಂದರು ಬ್ಯಾರಿಯವರು.

"ಇಷ್ಟು ವರ್ಷ ನಿನ್ನ ಕೈಯನ್ನು ನಂಬಿದ್ದೆ. ಖಲಾಸ್" ಎಂದು ಆ ಮುದುಕ ಹೊರಟುಹೋದ. ಮತ್ತೆಂದೂ ಬರಲಿಲ್ಲ.

ಮರುದಿನ ನಮಾಜಿನ ಹೊತ್ತಿಗೆ ನಾನಾಗಿಯೇ ಎದ್ದು ಬ್ಯಾರಿಯವರ ಅಂಗಡಿಗೆ ಹೋದೆ.

"ಬೇಡ ಮಾರಾಯ್ರೇ, ನಿಮಗೆ ನಿಮ್ಮ ಕೆಲಸ ಉಂಟಲ್ಲ" ಎಂದು ನಗುತ್ತಲೇ ಹೇಳಿ, ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಶಟರ್ ಎಳೆದರು.