ನೆನೆಹಾಕುವ ಕೋಣೆಗೆ ಹೋದವಳು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳನ್ನು ಎಲ್ಲರೂ ಗಡಿಯಾರದಕ್ಕ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷಗಳಲ್ಲಿ ಒಂದು ದಿನವೂ ತಡವಾಗಿ ಬಂದವಳಲ್ಲ. ಯಾರ ಜೊತೆಗೂ ಕೂತು ಉಂಡವಳೂ ಅಲ್ಲ. ಬುತ್ತಿ ಬಿಚ್ಚುವುದು ಕಪಾಟಿನ ಹಿಂದೆ, ಗೋಡೆಗೆ ಮುಖ ಮಾಡಿ. ಯಾರಾದರೂ "ಮನೇಲಿ ಎಲ್ಲ ಹೇಗಿದ್ದಾರೆ?" ಎಂದರೆ "ಇದ್ದಾರೆ", ಅಷ್ಟೇ. ಗಂಡನಿಗೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದಾನೆಂದು ಒಬ್ಬರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಅಯ್ಯೋ ಪಾಪ ಅನ್ನಿಸಿಕೊಳ್ಳುವುದು ಅವಳಿಗೆ ಆಗದು.

ಬೆಡ್‌ಶೀಟ್ ಮಡಿಸಲು ಇಬ್ಬರು ಬೇಕು. ಎದುರಿನ ಅಂಚು ಹಿಡಿಯುತ್ತಿದ್ದವಳಿಗೆ ವಟವಟ ಎಂದೇ ಹೆಸರು ಬಿದ್ದಿತ್ತು. ಬಸ್ಸಿನಲ್ಲಿ ಸಿಕ್ಕವರ ಜಗಳ, ಸೊಸೆಯ ನೆಗಡಿ, ಪಕ್ಕದ ಮನೆ ಬೆಕ್ಕಿನ ಬಸಿರು, ಒಂದನ್ನೂ ಬಿಡುತ್ತಿರಲಿಲ್ಲ.

ಒಂದು ದಿನ ಆಪರೇಷನ್ ಕೋಣೆಗೆ ಹೋದ ಕಟ್ಟಿನಲ್ಲಿ ರಕ್ತದ ಕಲೆ ಉಳಿದ ಶೀಟು ಸಿಕ್ಕಿತು. ಮೇಲ್ವಿಚಾರಕ ಕೆಂಡಾಮಂಡಲವಾಗಿ ಬಂದ. "ಇದನ್ನ ನೋಡಿ ಕಟ್ಟಿದ್ದು ಯಾರು?"

ನೋಡಿದ್ದು ಗಡಿಯಾರದಕ್ಕನೇ. ನಿದ್ದೆಗೆಟ್ಟು ಕಣ್ಣು ಮಂಜಾಗಿತ್ತು. ಆದರೆ ಬಾಯಿಂದ ಬಂದದ್ದು ಬೇರೆ: "ಅವಳೇ ಸಾರ್. ಮಾತಿನ ಭರದಲ್ಲಿ ನೋಡಿರಲ್ಲ."

ವಟವಟ ಒಮ್ಮೆ ಅವಳತ್ತ ನೋಡಿದಳು. ತುಟಿ ಪಿಟಕ್ಕೆನ್ನಲಿಲ್ಲ. ಮರುದಿನವೇ ಅವಳನ್ನು ನೆನೆಹಾಕುವ ಕೋಣೆಗೆ ಹಾಕಿದರು. ಅಲ್ಲಿ ಬಿಸಿನೀರು, ಕಲೆ ತೆಗೆಯುವ ಪುಡಿ, ಮೂಗು ಸುಡುವ ಹಬೆ. ಗಡಿಯಾರದಕ್ಕನಿಗೆ ಹೊಸ ಜೊತೆಗಾತಿ ಬಂದಳು, ಮಿತಭಾಷಿ. ಇಷ್ಟು ವರ್ಷ ಬೇಕು ಬೇಕು ಎಂದಿದ್ದ ಮೌನ ಈಗ ಎದೆಯ ಮೇಲೆ ಕಲ್ಲಾಗಿ ಕೂತಿತು.

ಎರಡು ವರ್ಷದ ಮೇಲೆ ಗಂಡ ತೀರಿಕೊಂಡ. ಹದಿನೈದು ದಿನ ರಜೆ ಮುಗಿಸಿ ಬಂದರೆ ಮೇಜಿನ ಮೇಲೆ ಒಂದು ಶೀಟೂ ಬಾಕಿ ಇಲ್ಲ.

"ವಟವಟ ತನ್ನ ಕೆಲಸ ಮುಗಿಸಿ, ದಿನಾ ಎರಡು ಗಂಟೆ ನಿಮ್ಮ ಜಾಗದಲ್ಲಿ ನಿಂತಳು," ಎಂದಳು ಜೊತೆಗಾತಿ.

ಗಡಿಯಾರದಕ್ಕ ನೆನೆಹಾಕುವ ಕೋಣೆಗೆ ನಡೆದಳು. "ಆ ಶೀಟು ನೋಡಿ ಕಟ್ಟಿದ್ದು ನಾನೇ ಕಣೆ."

"ಗೊತ್ತಿತ್ತಕ್ಕ."

"ಮತ್ತೆ ಯಾಕೆ ಸುಮ್ಮನಿದ್ದೆ?"

"ಯಜಮಾನರಿಗೆ ಹುಷಾರಿಲ್ಲ ಅಂತ ಅವರನ್ನ ನೋಡಿಕೊಂಡ ವಾರ್ಡಿನ ನರ್ಸಮ್ಮ ಆಗಲೇ ಹೇಳಿದ್ರು. ಇಲ್ಲಿಗೆ ಬಂದಿದ್ರೆ ನೀವು ಉಳೀತಿರಲಿಲ್ಲ." ತೊಟ್ಟಿಯಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು. ಬೆರಳ ಸಂದುಗಳೆಲ್ಲ ಬಿರಿದು ಹಸಿ ಮಾಂಸ ಕಾಣುತ್ತಿತ್ತು. "ಆದ್ರೂ ಒಂದು ಮಾತು ನನಗೆ ಹೇಳಬಹುದಿತ್ತು ನೀವು. ಅಷ್ಟು ವರ್ಷ ಎದುರಿಗೇ ನಿಂತಿದ್ದೆ."

ಆ ಮಧ್ಯಾಹ್ನವೇ ಗಡಿಯಾರದಕ್ಕ ಮೇಲ್ವಿಚಾರಕನ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬೈಸಿಕೊಂಡಳು. ವಟವಟ ಮಡಿಸುವ ಮೇಜಿಗೆ ವಾಪಸಾದಳು.

ಆದರೆ ಎರಡು ಗಂಟೆ ಹೇಗೋ ತಡೆದಿದ್ದ ಅವಳ ಬೆರಳುಗಳು ಇಡೀ ದಿನದ ಕೆಲಸಕ್ಕೆ ಮಡಚುತ್ತಿರಲಿಲ್ಲ. ಶೀಟು ಜಾರಿ ಜಾರಿ ಬೀಳುತ್ತಿತ್ತು. ಗಡಿಯಾರದಕ್ಕ ಎರಡೂ ಅಂಚು ತಾನೇ ಹಿಡಿದು ನಾಲ್ಕು ತಿಂಗಳು ಹೇಗೋ ತಳ್ಳಿದಳು. ಆ ನಾಲ್ಕು ತಿಂಗಳಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಉಂಡರು. ಗಂಡನ ಕೊನೆಯ ದಿನಗಳನ್ನು ಗಡಿಯಾರದಕ್ಕ ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದ್ದು ಅಲ್ಲೇ. ಆಮೇಲೆ ಡಾಕ್ಟರು ವಟವಟಳ ಕೈ ಪರೀಕ್ಷಿಸಿ, ಈ ಕೆಲಸ ಇನ್ನು ಸಾಧ್ಯವಿಲ್ಲವೆಂದು ಬರೆದುಕೊಟ್ಟರು.

ಈಗ ಭಾನುವಾರ ಭಾನುವಾರ ಗಡಿಯಾರದಕ್ಕ ಎರಡು ಬಸ್ಸು ಬದಲಿಸಿ ಅವಳ ಮನೆಗೆ ಹೋಗುತ್ತಾಳೆ. ಸೊಸೆಗೆ ಅಂದೂ ಕೆಲಸ. ಬಾಚಣಿಗೆ ಹಿಡಿಯಲಾರದ ವಟವಟ ಮೆಟ್ಟಿಲ ಮೇಲೆ ಕೂರುತ್ತಾಳೆ, ಗಡಿಯಾರದಕ್ಕ ಹಿಂದೆ ಕೂತು ಸಿಕ್ಕು ಬಿಡಿಸುತ್ತಾಳೆ.

"ಮೆಲ್ಲಗೆ ಅಕ್ಕ, ಇರೋದೇ ನಾಲ್ಕು ಕೂದಲು," ಎನ್ನುತ್ತಾಳೆ ವಟವಟ.

ಹಿಂದಿರುವವಳ ಕಣ್ಣು ತುಂಬಿರುವುದು ಅವಳಿಗೆ ಕಾಣುವುದಿಲ್ಲ.